ಸೊಂಟ ಮುರಿದ ತೊಂಬತ್ತರ ಜೀವವನ್ನು ಮತ್ತೆ ಎಬ್ಬಿಸಿ ನಡೆಸುವುದು ಹೇಗೆ

ಮನೆಯಲ್ಲಿ ಎಂಬತ್ತೈದು, ತೊಂಬತ್ತು ದಾಟಿದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಈಗ ವಾರ್ಡಿನಲ್ಲೋ ಮನೆಯ ಮಂಚದ ಮೇಲೋ ಮಲಗಿದ್ದಾರೆ ಅಂದರೆ ಈ ಬರಹ ನಿಮಗೆ. ನಾನು ಡಾಕ್ಟರ್ ಅಲ್ಲ. ಇಬ್ಬರನ್ನು ಹತ್ತಿರದಿಂದ ನೋಡಿಕೊಂಡವಳು. ಮೊದಲು ನಮ್ಮ ತಾತ, 88 ವರ್ಷ. ಆಮೇಲೆ ಅಜ್ಜಿ, ಅಪ್ಪನ ಅಮ್ಮ, 91 ವರ್ಷ. ಇಬ್ಬರೂ ಜಾರಿ ಬಿದ್ದದ್ದು ಬಚ್ಚಲಲ್ಲೇ, ಇಬ್ಬರಿಗೂ ಆಪರೇಷನ್ ಚೆನ್ನಾಗೇ ಆಯಿತು. ತಾತ 26ನೇ ದಿನ ನ್ಯುಮೋನಿಯಾ ಆಗಿ ತೀರಿಕೊಂಡರು. ಅಜ್ಜಿ ಮೂರು ತಿಂಗಳಿಗೆ ವಾಕರ್ ಹಿಡಿದು ಹಿತ್ತಲ ತುಳಸಿಕಟ್ಟೆವರೆಗೆ ನಡೆದರು, ಆಮೇಲೆ ಎರಡೂವರೆ ವರ್ಷ ನಮ್ಮ ಜೊತೆ ಇದ್ದರು.

ತಾತನ ಹೃದಯ ಮೊದಲೇ ವೀಕ್ ಇತ್ತು, ಹಾಗಾಗಿ ಸರಿಯಾಗಿ ನೋಡಿಕೊಂಡಿದ್ದರೆ ಉಳಿಯುತ್ತಿದ್ದರು ಅಂತ ಎದೆ ತಟ್ಟಿ ಹೇಳಲಾರೆ. ಆದರೆ ಮೂರು ವಾರ ಅವರನ್ನು ಅಂಗಾತ ಮಲಗಿಸಿಯೇ ಇಟ್ಟಿದ್ದೆವು. "ಪಾಪ, ವಯಸ್ಸಾಗಿದೆ, ನೋವಿದೆ, ಮಲಗಲಿ ಬಿಡಿ" ಅಂತ ನೋಡಲು ಬಂದವರೆಲ್ಲ ಹೇಳಿದರು, ನಾವೂ ಅದೇ ಪ್ರೀತಿ ಅಂದುಕೊಂಡೆವು. ಈ ವಯಸ್ಸಿನಲ್ಲಿ ಮುರಿದ ಮೂಳೆಗಿಂತ ಮಲಗಿರುವುದೇ ಜಾಸ್ತಿ ಕೇಡು ಮಾಡುತ್ತದೆ. ಎದೆಯಲ್ಲಿ ಕಫ ಕಟ್ಟುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಬೆನ್ನ ಕೆಳಗೆ ಹುಣ್ಣು, ಮೂತ್ರದ ಸೋಂಕು, ಮಲಬದ್ಧತೆ, ಬುದ್ಧಿ ಗಲಿಬಿಲಿ, ಇವೆಲ್ಲ ಹಾಸಿಗೆಯಿಂದಲೇ ಹುಟ್ಟುತ್ತವೆ. ಮನೆಯ ಪ್ರತಿಯೊಬ್ಬರಿಗೂ, ನೋಡಲು ಬರುವ ನೆಂಟರಿಗೂ, ಇದನ್ನು ಮೊದಲ ದಿನವೇ ಹೇಳಿಬಿಡಿ.

ಕಷ್ಟದ ಮಾತನ್ನೂ ಈಗಲೇ ಹೇಳುತ್ತೇನೆ. ಸೊಂಟ ಮುರಿದ ವಯಸ್ಸಾದವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು ಒಂದು ವರ್ಷದೊಳಗೆ ಹೋಗಿಬಿಡುತ್ತಾರೆ. ತೊಂಬತ್ತು ದಾಟಿದವರಲ್ಲಿ ಇದು ಇನ್ನೂ ಜಾಸ್ತಿ. ಉಳಿದವರಲ್ಲೂ ಬೀಳುವ ಮುಂಚೆ ಹೇಗೆ ಓಡಾಡುತ್ತಿದ್ದರೋ ಹಾಗೇ ಮತ್ತೆ ಓಡಾಡುವವರು ಸುಮಾರು ಅರ್ಧದಷ್ಟು ಜನ. ಅಪಾಯ ಜಾಸ್ತಿ ಇರುವುದು ಮೊದಲ ಮೂರು ತಿಂಗಳಲ್ಲಿ. ಇದನ್ನು ಹೆದರಿಸೋಕೆ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ ಸೊಂಟ ಮುರಿದ ವೃದ್ಧರ ಲೆಕ್ಕ ಇಡುವ ರಾಷ್ಟ್ರಮಟ್ಟದ ವ್ಯವಸ್ಥೆ ಶುರುವಾಯಿತು. ಆಗ ನೂರಕ್ಕೆ ಸುಮಾರು 11 ಜನ ಒಂದು ತಿಂಗಳೊಳಗೆ ಸಾಯುತ್ತಿದ್ದರು, ಹತ್ತು ವರ್ಷದಲ್ಲಿ ಅದು 7ರ ಆಸುಪಾಸಿಗೆ ಇಳಿಯಿತು. ಅಲ್ಲಿ ಮುಖ್ಯವಾಗಿ ಬದಲಾಗಿದ್ದು ನೋಡಿಕೊಳ್ಳುವ ರೀತಿ: ಬೇಗ ಆಪರೇಷನ್, ಮೂಳೆ ಡಾಕ್ಟರ ಜೊತೆಗೆ ವೃದ್ಧರ ಡಾಕ್ಟರೂ ನೋಡುವುದು, ಮಾರನೇ ದಿನವೇ ಎಬ್ಬಿಸುವುದು, ಊಟದ ಕಡೆ ಗಮನ, ಬುದ್ಧಿ ಸರಿ ಇದೆಯಾ ಅಂತ ನೋಡುವುದು, ಮತ್ತೆ ಬೀಳದ ಹಾಗೆ ನೋಡಿಕೊಳ್ಳುವುದು. ಇದರಲ್ಲಿ ಎಷ್ಟೊಂದು ಮನೆಯವರ ಕೈಯಲ್ಲೂ ಇದೆ, ಅಲ್ವಾ?

ಇನ್ನೂ ಆಪರೇಷನ್ ಆಗಿಲ್ಲ ಅಂದರೆ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೊಂಟದ ಮುರಿತಕ್ಕೆ ನಾಟಿ ಕಟ್ಟು ಹಾಕಿಸಲು ಹೋಗಬೇಡಿ, ಆ ಜಾಗವನ್ನು ಹೊರಗಿನಿಂದ ಕಟ್ಟಿ ಹಿಡಿಯೋಕೆ ಆಗಲ್ಲ. ಆದಷ್ಟೂ ಒಂದೂವರೆ, ಎರಡು ದಿನದೊಳಗೆ ಆಪರೇಷನ್ ಆಗಬೇಕು. 17 ದೇಶಗಳಲ್ಲಿ 2,970 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೇ ಗಂಟೆಯೊಳಗೆ ಆಪರೇಷನ್ ಮಾಡಲು ಹೊರಟ ಗುಂಪಿಗೂ ಸುಮಾರು ಒಂದು ದಿನ ಕಾದ ಗುಂಪಿಗೂ ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಆದರೆ ಬೇಗ ಆದವರಲ್ಲಿ ಬುದ್ಧಿ ಗಲಿಬಿಲಿ ಕಡಿಮೆ ಇತ್ತು, ಅವರು ಬೇಗ ಎದ್ದು ನಿಂತರು. ಅಂದರೆ ಗಂಟೆ ಲೆಕ್ಕದಲ್ಲಿ ಗಾಬರಿ ಬೇಡ, ಆದರೆ ದಿನಗಟ್ಟಲೆ ಕಾಯುವುದೂ ಬೇಡ. ಅಜ್ಜಿಯನ್ನು ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ "ಫಿಟ್‌ನೆಸ್ ಬಂದಿಲ್ಲ" ಅಂತ ಎರಡು ದಿನ ಸುಮ್ನೆ ಕಳೆಯಿತು. ಗಟ್ಟಿಯಾಗಿ ಕೇಳಿದಾಗ ಗೊತ್ತಾಗಿದ್ದು, ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವವರು ಭಾನುವಾರ ಬರುವುದಿಲ್ಲ ಅಂತ. ಕಾಯಿಸುತ್ತಿದ್ದಾರೆ ಅಂದರೆ ಯಾವುದಕ್ಕೆ, ಎಷ್ಟು ಹೊತ್ತಿಗೆ, ಅಂತ ನೇರವಾಗಿ ಕೇಳಿ. ಕಾಯುವಷ್ಟು ಹೊತ್ತು ನೋವಿಗೆ ಏನು ಕೊಡುತ್ತೀರಿ ಅಂತಲೂ ಕೇಳಿ, ತೊಡೆಯ ಸಂದಿಯ ಹತ್ತಿರ ನರವನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಹಾಯೆನಿಸುತ್ತದೆ.

ಯಾವ ಆಪರೇಷನ್, ಎಷ್ಟು ಭಾರ

ಥಿಯೇಟರಿನಿಂದ ಹೊರಗೆ ಬಂದ ಸರ್ಜನ್ನಿಗೆ ಮೊದಲು ಕೇಳಬೇಕಾದ ಪ್ರಶ್ನೆ ಎರಡೇ. ಬಾಲ್ (ತೊಡೆಮೂಳೆಯ ಮೇಲ್ತುದಿಯ ಗುಂಡು) ಬದಲಾಯಿಸಿದ್ದೀರಾ, ರಾಡ್ ಹಾಕಿದ್ದೀರಾ? ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡಬಹುದಾ? ತೊಡೆಮೂಳೆಯ ಕತ್ತು ಮುರಿದು ಜರುಗಿದ್ದರೆ ಸಾಮಾನ್ಯವಾಗಿ ಬಾಲ್ ತೆಗೆದು ಲೋಹದ್ದು ಹಾಕುತ್ತಾರೆ. ಅದಕ್ಕಿಂತ ಸ್ವಲ್ಪ ಕೆಳಗೆ ಮುರಿದಿದ್ದರೆ ಮೂಳೆಯೊಳಗೆ ರಾಡ್, ಇಲ್ಲವೇ ಪಕ್ಕದಲ್ಲಿ ಪ್ಲೇಟು ಸ್ಕ್ರೂ. ಈ ವಯಸ್ಸಿನವರಿಗೆ ಆಪರೇಷನ್ ಮಾಡುವ ಉದ್ದೇಶವೇ ತಕ್ಷಣ ಕಾಲೂರಿ ನಿಲ್ಲಲಿ ಅಂತ, ಅದಕ್ಕೇ ಬಹುತೇಕ ಡಾಕ್ಟರು "ತಡೆಯುವಷ್ಟು ಭಾರ ಹಾಕಲಿ" ಅನ್ನುತ್ತಾರೆ. ಆ ಮಾತನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಯಾಕೆಂದರೆ ಮನೆಗೆ ಬಂದ ಮೇಲೆ ಒಬ್ಬ ನೆಂಟರು ಬಂದು "ಆರು ವಾರ ಕಾಲು ಊರಬಾರದು ಅಂತಾರಲ್ಲ" ಅಂದೇ ಅನ್ನುತ್ತಾರೆ, ಆಗ ಕಾಗದ ತೋರಿಸಬಹುದು. ಬೇಡ ಅಂತ ಸರ್ಜನ್ ಹೇಳಿದ್ದರೆ ಮಾತ್ರ ಬೇಡ, ಎಷ್ಟು ದಿನ ಬೇಡ ಅಂತ ತಾರೀಖು ಕೇಳಿಕೊಳ್ಳಿ.

ಬಾಲ್ ಬದಲಾಯಿಸಿದ್ದರೆ ಇನ್ನೊಂದು ವಿಷಯ ಇದೆ. ಸೊಂಟದ ಹಿಂದುಗಡೆಯಿಂದ ಕೊಯ್ದಿದ್ದರೆ, ಮೊದಲ ಕೆಲವು ವಾರ ಅದು ಕೀಲಿನಿಂದ ಜಾರುವ ಭಯ ಇರುತ್ತದೆ. ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ನೆಲದಲ್ಲಿರುವುದನ್ನು ಎತ್ತಬಾರದು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂಥ ತಗ್ಗು ಕುರ್ಚಿಯಲ್ಲಿ ಕೂರಬಾರದು, ಪಾದ ಒಳಕ್ಕೆ ತಿರುಗಬಾರದು. ಮಗ್ಗುಲಾದಾಗ ಎರಡು ತೊಡೆಗಳ ಮಧ್ಯೆ ದಪ್ಪ ದಿಂಬು ಇಡಿ. ಕೆಳಗೆ ಕೂತು ಊಟ ಮಾಡುವುದು, ಕುಕ್ಕರಗಾಲಿನಲ್ಲಿ ಕೂರುವುದು ಸದ್ಯಕ್ಕೆ ಬಂದ್. ರಾಡ್ ಹಾಕಿದವರಿಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ, ಆದರೂ ನಿಮ್ಮ ಸರ್ಜನ್ನನ್ನು ಕೇಳಿ.

ಮಾರನೇ ದಿನವೇ ಎಬ್ಬಿಸಿ

ಅಜ್ಜಿಯ ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫಿಸಿಯೋ ಹುಡುಗಿ ಬಂದಳು. ಅವಳು ಬರುವ ಮುಕ್ಕಾಲು ಗಂಟೆ ಮುಂಚೆ ನರ್ಸ್ ನೋವಿನ ಮಾತ್ರೆ ಕೊಟ್ಟಿದ್ದರು, ಈ ಟೈಮಿಂಗ್ ನೆನಪಿಡಿ, ಮನೆಯಲ್ಲೂ ಹೀಗೇ ಮಾಡಿ. ಮೊದಲು ಮಂಚದ ತಲೆಭಾಗ ಎತ್ತಿ ಐದು ನಿಮಿಷ ಕೂರಿಸಿದಳು. ಆಮೇಲೆ ಕಾಲು ಇಳಿಬಿಟ್ಟು ಮಂಚದ ಅಂಚಿನಲ್ಲಿ ಕೂರಿಸಿ, ತಲೆ ಸುತ್ತುತ್ತಿದೆಯಾ ಅಂತ ಕೇಳುತ್ತಾ ಇನ್ನೈದು ನಿಮಿಷ. ಅಜ್ಜಿ ಮುಖ ಬೆಳ್ಳಗಾಯಿತು, ಅಮ್ಮ "ಸಾಕು ಬಿಡಮ್ಮ" ಅಂದರು. ಅವಳು ಬಿಡಲಿಲ್ಲ, ಸ್ವಲ್ಪ ನೀರು ಕುಡಿಸಿ ಕಾದಳು. ಆಮೇಲೆ ಇಬ್ಬರು ಎರಡು ಕಡೆ ನಿಂತು, ವಾಕರ್ ಮುಂದಿಟ್ಟು, ಎದ್ದು ನಿಲ್ಲಿಸಿದೆವು. ಅಜ್ಜಿಯ ಬೆರಳು ವಾಕರಿನ ಹಿಡಿಯ ಮೇಲೆ ಬಿಳಿಚಿಕೊಂಡಿದ್ದವು, ಬಳೆಗಳು ಕಂಬಿಗೆ ತಾಗಿ ಕಿಣಿಕಿಣಿ ಅನ್ನುತ್ತಿದ್ದವು, ಅಷ್ಟು ನಡುಕ. ಹತ್ತು ಎಣಿಸಿ ಕೂರಿಸಿದೆವು. ಅವತ್ತಿನ ಲೆಕ್ಕ ಅಷ್ಟೇ. ಸಂಜೆ ಇನ್ನೊಂದು ಸಲ. ಮೂರನೇ ದಿನ ನಾಲ್ಕು ಹೆಜ್ಜೆ.

ಎಬ್ಬಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಆ ವಯಸ್ಸಿನ ಭುಜ ತಡೆಯಲ್ಲ, ನಿಮ್ಮ ಬೆನ್ನೂ ಹಿಡಿದುಕೊಳ್ಳುತ್ತದೆ. ಸೊಂಟಕ್ಕೆ ಕಟ್ಟುವ ಅಗಲವಾದ ಬಟ್ಟೆಯ ಬೆಲ್ಟ್ ಸಿಗುತ್ತದೆ, ಅದನ್ನು ಹಿಡಿದು ಆಸರೆ ಕೊಡಿ. ಆಪರೇಷನ್ ಆದ ಕಾಲು ಸ್ವಲ್ಪ ಮುಂದೆ ಚಾಚಿರಲಿ, ಅವರೇ ಕುರ್ಚಿಯ ಕೈ ಒತ್ತಿಕೊಂಡು ಏಳಲಿ. ವಾಕರನ್ನು ಹಿಡಿದು ಎಳೆದುಕೊಂಡು ಏಳಲು ಬಿಟ್ಟರೆ ಅದು ಮೈಮೇಲೇ ಬೀಳುತ್ತದೆ. ನಡೆಯುವ ಕ್ರಮ: ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವ ಹಂತಕ್ಕೆ ಬಂದರೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದದ್ದು ಮೊದಲು. ಈ ಏಳುವುದು, ಕೂರಿಸುವುದು, ಮಗ್ಗುಲಾಗಿಸುವುದನ್ನು ಡಿಸ್ಚಾರ್ಜ್‌ಗೆ ಮುಂಚೆ ಫಿಸಿಯೋ ಎದುರಿಗೆ ನೀವೇ ಮಾಡಿ ತೋರಿಸಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ತಾತನ ಸಲ ನಮಗೆ ಇದ್ಯಾವುದನ್ನೂ ಯಾರೂ ತೋರಿಸಲಿಲ್ಲ, ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಮಲಗಿರುವ ಹೊತ್ತಿನಲ್ಲೂ ಕೆಲಸ ಇದೆ. ಎಚ್ಚರ ಇದ್ದಾಗ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಬೇಕು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಬೇಕು. ಮೂರು ಚೆಂಡಿರುವ ಉಸಿರಿನ ಆಟಿಕೆ ಕೊಟ್ಟಿರುತ್ತಾರೆ, ಅದನ್ನು ಎಳೆಯಬೇಕು. ಅಜ್ಜಿಗೆ ಚೆಂಡು ಒಂದೇ ಏಳುತ್ತಿತ್ತು, ಒಂದಾದರೂ ಸರಿ. ಕೆಮ್ಮು ಬಂದರೆ ತಡೆಯಬಾರದು, ಕಫ ಹೊರಗೆ ಬರಲಿ.

ಇನ್ನೊಂದು ಮುಖ್ಯ ಮಾತು. ಬಿಸಿ ಎಣ್ಣೆ ಹಾಕಿ ಮೀನಖಂಡ ನೀವಬೇಡಿ. ನಮ್ಮ ಕಡೆ ಕಾಲು ಊದಿದ ತಕ್ಷಣ ಎಣ್ಣೆ ಬಟ್ಟಲು ಹೊರಗೆ ಬರುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ನೀವಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ನೋ ಮಾತ್ರೆಯೋ ಸುಮಾರು ಒಂದು ತಿಂಗಳು ಬರೆದಿರುತ್ತಾರೆ. ಮನೆಗೆ ಬಂದ ಮೇಲೆ "ಈಗ ಚೆನ್ನಾಗಿದ್ದಾರಲ್ಲ" ಅಂತ ಅದನ್ನು ನಿಲ್ಲಿಸಬೇಡಿ.

ರಾತ್ರಿ ಯಾರನ್ನೋ ಕರೆಯಲು ಶುರು ಮಾಡಿದರೆ

ಎರಡನೇ ರಾತ್ರಿ ಅಜ್ಜಿ ಡ್ರಿಪ್ಪಿನ ಪೈಪು ಹಿಡಿದು ಎಳೆಯತೊಡಗಿದರು. "ಕರು ಬಿಚ್ಚಿಕೊಂಡಿದೆ, ಹಗ್ಗ ಕೊಡೇ" ಅಂತ ನನ್ನನ್ನು ಅವರ ತೀರಿಹೋದ ತಂಗಿಯ ಹೆಸರಿನಿಂದ ಕರೆದರು. ಅಪ್ಪ ಅತ್ತುಬಿಟ್ಟರು, ಅರಳುಮರಳು ಶುರುವಾಯಿತು ಅಂತ. ಇದಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೊಂಟ ಮುರಿದ ವೃದ್ಧರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆಗುತ್ತದೆ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ, ಇದು ಒಂದೆರಡು ದಿನದಲ್ಲಿ ದಿಢೀರ್ ಅಂತ ಬರುತ್ತದೆ, ಕಾರಣ ಸರಿಪಡಿಸಿದರೆ ಬಹಳಷ್ಟು ಜನರಲ್ಲಿ ಇಳಿಯುತ್ತದೆ. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ.

ಹಾಗಾಗಿ ಕಾರಣ ಹುಡುಕಿಸಿ. ಮೂತ್ರ ಕಟ್ಟಿದೆಯಾ, ಮಲ ಕಟ್ಟಿದೆಯಾ, ಜ್ವರ, ನೋವು, ಉಸಿರು, ಸೋಡಿಯಂ, ಸಕ್ಕರೆ, ಹೊಸದಾಗಿ ಶುರು ಮಾಡಿದ ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ನೋವಿನ ಔಷಧಿ. ಜೊತೆಗೆ ನೀವು ಮಾಡುವುದು: ಕನ್ನಡಕ ಹಾಕಿ, ಕಿವಿ ಮೆಷಿನ್ ಹಾಕಿ, ಹಲ್ಲಿನ ಸೆಟ್ ಹಾಕಿ. ಅಜ್ಜಿಯ ಕನ್ನಡಕ ಮೂರು ದಿನದಿಂದ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿತ್ತು, ಕಳೆದುಹೋಗಬಾರದು ಅಂತ ಜೋಪಾನವಾಗಿ ಇಟ್ಟಿದ್ದರು. ಹಾಕಿದ ಮೇಲೆ ನನ್ನ ಮುಖ ನೋಡಿ "ನೀನಾ ಪುಟ್ಟಿ" ಅಂದರು. ಹಗಲು ಕಿಟಕಿ ತೆಗೆಯಿರಿ, ಮಲಗಲು ಬಿಡಬೇಡಿ, ರಾತ್ರಿ ದೊಡ್ಡ ದೀಪ ಆರಿಸಿ. ಒಬ್ಬಿಬ್ಬರು ಪರಿಚಿತರೇ ಸರದಿಯಲ್ಲಿ ಇರಲಿ, ದಿನಕ್ಕೊಬ್ಬ ಹೊಸಬರು ಬೇಡ. ಇವತ್ತು ಯಾವ ವಾರ, ಯಾಕೆ ಆಸ್ಪತ್ರೆಯಲ್ಲಿದ್ದೀರಿ ಅಂತ ಮೆತ್ತಗೆ ಹೇಳುತ್ತಿರಿ. ವಾದ ಮಾಡಬೇಡಿ. ಕೈ ಕಟ್ಟಿಹಾಕಲು ಒಪ್ಪಬೇಡಿ, ಪಕ್ಕದಲ್ಲಿ ನೀವೇ ಕೂರುತ್ತೇವೆ ಅನ್ನಿ.

ಕಿರುಚಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಸುಮ್ಮನೆ ಮಂಕಾಗಿ, ಕರೆದರೆ "ಹೂಂ" ಅಂದು ಮತ್ತೆ ಕಣ್ಣು ಮುಚ್ಚುವವರನ್ನು "ಶಾಂತವಾಗಿ ಮಲಗಿದ್ದಾರೆ" ಅಂತ ಬಿಟ್ಟುಬಿಡುತ್ತಾರೆ. ಅದೂ ಡೆಲಿರಿಯಮ್ಮೇ, ಇನ್ನೂ ಅಪಾಯದ್ದು. ತಾತನಿಗೆ ಆದದ್ದು ಅದು ಅಂತ ಈಗ ಅನ್ನಿಸುತ್ತದೆ. "ಇವರು ಮೊದಲು ಹೀಗಿರಲಿಲ್ಲ, ಸೋಮವಾರದವರೆಗೆ ಪೇಪರ್ ಓದುತ್ತಿದ್ದರು" ಅಂತ ಡಾಕ್ಟರಿಗೆ ನೀವೇ ಹೇಳಬೇಕು. ಅವರು ಮೊದಲು ಹೇಗಿದ್ದರು ಅಂತ ವಾರ್ಡಿನಲ್ಲಿ ಬೇರೆ ಯಾರಿಗೂ ಗೊತ್ತಿರಲ್ಲ.

ಗಂಜಿಯಿಂದ ಮಾತ್ರ ಆಗಲ್ಲ

ಆಪರೇಷನ್ ಆದವರಿಗೆ ನಾವು ಕೊಡುವುದು ಗಂಜಿ, ಮೆತ್ತನ್ನ ತಿಳಿಸಾರು, ಇಡ್ಲಿ, ಬ್ರೆಡ್ಡು. ಮೊಸರು ಶೀತ, ಬೇಳೆ ವಾಯು, ಬದನೆಕಾಯಿ ನಂಜು ಅಂತ ಪಥ್ಯ ಬೇರೆ. ಹೊಟ್ಟೆ ತುಂಬುತ್ತದೆ, ಮೈ ತುಂಬಲ್ಲ. ಹಾಸಿಗೆ ಹಿಡಿದ ಮೊದಲ ವಾರಗಳಲ್ಲಿ ತೊಡೆಯ ಮಾಂಸಖಂಡ ಬೇಗ ಬೇಗ ಕರಗುತ್ತದೆ, ಎದ್ದು ನಿಲ್ಲಲು ಬೇಕಿರುವುದೇ ಅದು. ಈ ಸಮಯದಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅಜ್ಜಿ 42 ಕಿಲೋ, ಅಂದರೆ ಕನಿಷ್ಠ 50 ಗ್ರಾಂ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ನಿರ್ಧರಿಸಿ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಹಾಗಾಗಿ ಸ್ವಲ್ಪ ತಲೆ ಓಡಿಸಬೇಕಾಯಿತು. ಹಾಲಿಗೆ ಎರಡು ಚಮಚ ಹಾಲಿನ ಪುಡಿ ಕಲಸಿದೆವು, ಅಷ್ಟೇ ಹಾಲು, ಪ್ರೋಟೀನ್ ಜಾಸ್ತಿ. ಹುರಿಗಡಲೆ ಪುಡಿ ಮಾಡಿಟ್ಟುಕೊಂಡು ಅನ್ನಕ್ಕೆ, ಮಜ್ಜಿಗೆಗೆ, ಬೆಲ್ಲದ ಜೊತೆ ಉಂಡೆಗೆ ಹಾಕಿದೆವು. ಹೆಸರುಬೇಳೆ ಪಾಯಸ ಅಜ್ಜಿಗೆ ಇಷ್ಟ, ದಿನಾ ಒಂದು ಬಟ್ಟಲು. ತಿಳಿಸಾರಿನ ಬದಲು ಗಟ್ಟಿ ತೊವ್ವೆ. ಪನೀರ್ ಹಿಸುಕಿ ಉಪ್ಪಿಟ್ಟಿಗೆ. ರಾಗಿ ಒಳ್ಳೆಯದೇ, ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ. ನೀರಾದ ಅಂಬಲಿ ಒಂದು ಲೋಟ ಕುಡಿದರೆ ಅದೂ ಇಲ್ಲ. ಅಂಬಲಿಯನ್ನು ಹಾಲಿನಲ್ಲಿ ಮಾಡಿ. ಮಾಂಸ ತಿನ್ನುವ ಮನೆಗಳಲ್ಲಿ ಕಾಲು ಸೂಪು ಕೊಡುತ್ತಾರೆ, ರುಚಿಗೆ ಕುಡಿಯಲಿ, ಊಟ ಸೇರಲು ಸಹಾಯ ಆಗುತ್ತದೆ, ಆದರೆ ಮೂಳೆ ಕೂಡುವುದಕ್ಕೆ ಅದೊಂದನ್ನೇ ನಂಬಬೇಡಿ, ಜೊತೆಗೆ ಮೊಟ್ಟೆಯೋ ಮೀನೋ ಮೆತ್ತಗೆ ಬೆಂದ ಕೋಳಿಯೋ ಇರಲಿ.

ಒಂದೇ ಸಲಕ್ಕೆ ತಿನ್ನಲ್ಲ, ಅದಕ್ಕೇ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ. ತಿನ್ನಿಸುವಾಗ ನೆಟ್ಟಗೆ ಕೂರಿಸಿ, ಆದ ಮೇಲೂ ಅರ್ಧ ಗಂಟೆ ಕೂತಿರಲಿ. ಮಲಗಿದವರ ಬಾಯಿಗೆ ಚಮಚದಲ್ಲಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಕುಡಿದಾಗಲೆಲ್ಲ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ದಿನಕ್ಕೆ ಎರಡು ಸಲ ಬಾಯಿ ಚೊಕ್ಕ ಮಾಡಿ, ಹಲ್ಲಿಲ್ಲದವರಿಗೂ. ಬಾಯಿಯ ಕೊಳೆಯೇ ಎದೆಗಿಳಿದು ನ್ಯುಮೋನಿಯಾ ಮಾಡುತ್ತದೆ. ನೀರು ಕುಡಿದರೆ ಮತ್ತೆ ಮತ್ತೆ ಮೂತ್ರಕ್ಕೆ ಏಳಿಸಬೇಕು, ನಿಮಗೆ ತೊಂದರೆ ಅಂತ ಅವರು ನೀರೇ ಬಿಡುತ್ತಾರೆ. ಅದನ್ನು ಗಮನಿಸಿ. "ನಮಗೇನೂ ತೊಂದರೆ ಇಲ್ಲ ಅಜ್ಜಿ, ಕುಡಿಯಿರಿ" ಅಂತ ಬಾಯಿಬಿಟ್ಟು ಹೇಳಿ.

ಹಿಮ್ಮಡಿ, ಬೆನ್ನು, ಕಕ್ಕಸು

ಅಜ್ಜಿಯ ಬಲ ಹಿಮ್ಮಡಿಯಲ್ಲಿ ನಾಲ್ಕನೇ ದಿನ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕಪ್ಪಗೆ ಕಂದಿತ್ತು. ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗಲಿಲ್ಲ. ಹಾಸಿಗೆ ಹುಣ್ಣು ಶುರುವಾಗುವುದೇ ಹೀಗೆ. ನಮ್ಮ ಮೈಬಣ್ಣಕ್ಕೆ ಕೆಂಪು ಎದ್ದು ಕಾಣಲ್ಲ, ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ ಮಾಡಿದೆವು, ವಾರದಲ್ಲಿ ಮಾಯಿತು. ದಿನಾ ಎರಡು ಸಲ ಹಿಮ್ಮಡಿ, ಬೆನ್ನ ಬುಡ, ಸೊಂಟದ ಪಕ್ಕ, ಮೊಣಕೈ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಗಾಳಿ ತುಂಬುತ್ತಾ ಇಳಿಯುತ್ತಾ ಇರುವ ಏರ್ ಬೆಡ್ ಬಾಡಿಗೆಗೂ ಸಿಗುತ್ತದೆ, ತರಿಸಿ, ಆದರೆ ಅದು ಇದೆ ಅಂತ ಮಗ್ಗುಲು ಬದಲಾಯಿಸುವುದನ್ನು ಬಿಡಬೇಡಿ. ಕಂದಿದ ಜಾಗವನ್ನು ಉಜ್ಜಬೇಡಿ.

ಮೂತ್ರದ ಪೈಪನ್ನು ಒಂದೆರಡು ದಿನದಲ್ಲಿ ತೆಗೆಯಬಹುದಾ ಅಂತ ಕೇಳುತ್ತಿರಿ, ಅದು ಇದ್ದಷ್ಟೂ ಸೋಂಕು. ಡೈಪರ್ ರಾತ್ರಿಗೆ ಇರಲಿ, ಹಗಲು ಮಂಚದ ಪಕ್ಕ ಕಮೋಡ್ ಚೇರ್ ಇಡಿ. "ಡೈಪರ್ ಇದೆಯಲ್ಲ, ಅದರಲ್ಲೇ ಮಾಡಿ" ಅಂತ ತೊಂಬತ್ತು ವರ್ಷ ಮಾನವಾಗಿ ಬದುಕಿದವರಿಗೆ ಹೇಳಿದರೆ ಅವರ ಮನಸ್ಸು ಮುರಿಯುತ್ತದೆ. ಕಮೋಡಿಗೆ ಹೋಗಿ ಬರುವುದು ದಿನಕ್ಕೆ ಆರು ಸಲ ಎದ್ದು ಕೂರುವ ವ್ಯಾಯಾಮವೂ ಹೌದು. ಮಲ ಎರಡು ದಿನಕ್ಕಿಂತ ಕಟ್ಟಲು ಬಿಡಬೇಡಿ, ಡಾಕ್ಟರನ್ನು ಕೇಳಿ ಸಿರಪ್ ಶುರು ಮಾಡಿ.

ಮನೆಗೆ ಬಂದ ಮೇಲೆ

ಹಳೆ ಮನೆಗಳ ಹೊಸಿಲು ಎತ್ತರ. ವಾಕರ್ ದಾಟಲ್ಲ. ಹಾಗಾಗಿ ಮಂಚ, ಕಮೋಡ್, ಊಟದ ಜಾಗ ಮೂರೂ ಹೊಸಿಲಿನ ಒಂದೇ ಕಡೆ ಬರುವ ಹಾಗೆ ಮಾಡಿ. ನಾವು ಅಜ್ಜಿಯನ್ನು ಅವರ ಕೋಣೆಯಿಂದ ನಡುಮನೆಗೆ ತಂದೆವು. ಅದು ಇನ್ನೊಂದು ರೀತಿಯಲ್ಲೂ ಒಳ್ಳೆಯದಾಯಿತು, ಹೋಗಿಬರುವವರ ಮುಖ ಕಾಣುತ್ತಿತ್ತು, ಮಾತು ಬೀಳುತ್ತಿತ್ತು. ಮಂಚ ತಗ್ಗಿದ್ದರೆ ಕಾಲುಗಳ ಕೆಳಗೆ ಅಲ್ಲಾಡದ ಮರದ ದಿಮ್ಮಿ ಕೊಡಿಸಿ. ಕೈಯಿರುವ ಗಟ್ಟಿ ಕುರ್ಚಿ ಬೇಕು, ಸೋಫಾ ಬೇಡ. ನೆಲದ ಚಾಪೆ, ಕಾಲೊರೆಸು, ವೈರು ತೆಗೆಯಿರಿ. ಬಚ್ಚಲಿಗೆ ಗೋಡೆ ಕಂಬಿ, ಕೂತು ಸ್ನಾನ ಮಾಡಲು ರಬ್ಬರ್ ಕಾಲಿನ ಎತ್ತರದ ಸ್ಟೂಲ್. ಕುಕ್ಕರಗಾಲಿನಲ್ಲಿ ಕೂರುವ ನೆಲಮಟ್ಟದ ಕಕ್ಕಸಾದರೆ ಅದರ ಮೇಲಿಡುವ ಕಮೋಡ್ ಸ್ಟ್ಯಾಂಡ್ ಸಿಗುತ್ತದೆ. ರಾತ್ರಿ ಸಣ್ಣ ದೀಪ ಉರಿಯಲಿ, ಕರೆಯಲು ಒಂದು ಗಂಟೆ ಕೈಗೆ ಸಿಗಲಿ. ನಾವು ಪೂಜೆಯ ಗಂಟೆಯನ್ನೇ ಕೊಟ್ಟಿದ್ದೆವು.

ಸೀರೆಯದು ದೊಡ್ಡ ಪ್ರಶ್ನೆ. ನೆರಿಗೆ ಕಾಲಿಗೆ ಸಿಕ್ಕಿ ಬೀಳುವವರು ಬಹಳ. ಅಜ್ಜಿ ನೈಟಿ ಸುತಾರಾಂ ಒಪ್ಪಲಿಲ್ಲ. ಕೊನೆಗೆ ಹಳೆಯ ಮೆತ್ತನೆ ಸೀರೆಯನ್ನು ಪಾದಕ್ಕಿಂತ ಒಂದು ಗೇಣು ಮೇಲೆ ಉಡಿಸಿ ನೆರಿಗೆಗೆ ಪಿನ್ ಹಾಕಿದೆವು. ಪಂಚೆಯವರಿಗೂ ಹಾಗೇ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಇರಲಿ, ಬರೀ ಕಾಲುಚೀಲದಲ್ಲಿ ಟೈಲ್ಸ್ ಮೇಲೆ ನಡೆಸಬೇಡಿ.

ಹಳೆಯ ಮಾತ್ರೆಗಳ ಪೊಟ್ಟಣವನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಫಿಸಿಷಿಯನ್ ಹತ್ತಿರ ಹೋಗಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆಗಳಲ್ಲಿ ಯಾವುದಾದರೂ ಎದ್ದಾಗ ತಲೆ ಸುತ್ತುವ ಹಾಗೆ ಮಾಡುತ್ತಿರಬಹುದು. ಮಲಗಿದ್ದಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ ಬಿಪಿ ನೋಡಿಸಿ. ನೋವಿಗೆ ಪ್ಯಾರಾಸಿಟಮಾಲ್ ಅನ್ನು ಡಾಕ್ಟರ್ ಬರೆದ ಹೊತ್ತಿಗೆ ತಪ್ಪದೆ ಕೊಡಿ. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ನೀವೇ ತಂದು ಕೊಡಬೇಡಿ, ಈ ವಯಸ್ಸಿನ ಕಿಡ್ನಿ, ಹೊಟ್ಟೆ ಅದನ್ನು ತಡೆಯಲ್ಲ.

ಹೊಲಿಗೆ ಅಥವಾ ಪಿನ್ನು ಸುಮಾರು ಹತ್ತರಿಂದ ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ. ಆರು ವಾರಕ್ಕೆ ಎಕ್ಸ್‌ರೇ. ಮೂರು ತಿಂಗಳವರೆಗೂ ಫಿಸಿಯೋ ಬಿಡಬೇಡಿ. ಸುಧಾರಣೆ ಆರು ತಿಂಗಳು, ವರ್ಷದವರೆಗೂ ನಡೆಯುತ್ತದೆ, ಒಂದು ವಾರ ಮುಂದೆ ಹೋಗದಿದ್ದರೆ ಕೈಚೆಲ್ಲಬೇಡಿ. ಮಧ್ಯೆ ಅಜ್ಜಿಗೆ ಹತ್ತು ದಿನ ಏನೂ ಬೇಡವಾಗಿತ್ತು, ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ದೊಡ್ಡಮ್ಮ ಬಂದು ಒಂದು ಮೊರದಲ್ಲಿ ಅವರೆಕಾಯಿ ತಂದು ಮಡಿಲಿಗಿಟ್ಟರು. ಸುಮ್ಮನೆ ಕೂತು ಸುಲಿದರು. ಮಾರನೇ ದಿನ "ಕಾಯಿ ಇನ್ನೂ ಇದೆಯಾ" ಅಂತ ಅವರೇ ಕೇಳಿ ಎದ್ದು ಕೂತರು. ಕೈಗೆ ಅವರ ಹಳೆಯ ಕೆಲಸ ಒಂದನ್ನು ಕೊಡಿ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ ಅಂದರೆ: ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಗಾಯದಿಂದ ಕೀವು ಅಥವಾ ನೀರು ಜಿನುಗುತ್ತಿದ್ದರೆ, ಜ್ವರ ಬಂದರೆ, ಆಪರೇಷನ್ ಆದ ಕಾಲು ದಿಢೀರನೆ ಗಿಡ್ಡವಾಗಿ ತಿರುಗಿಕೊಂಡು ಊರಲಾಗದಿದ್ದರೆ, ಹೊಸದಾಗಿ ಮಂಪರು ಶುರುವಾದರೆ, ದಿನವಿಡೀ ಮೂತ್ರ ಆಗದಿದ್ದರೆ. ಉಸಿರಿನದಾದರೆ 108ಕ್ಕೆ ಫೋನ್ ಮಾಡಿ. ವಯಸ್ಸಾದವರಿಗೆ ನ್ಯುಮೋನಿಯಾದಲ್ಲಿ ಜ್ವರ ಬರದೆಯೂ ಇರಬಹುದು, ಊಟ ಬಿಡುವುದು, ಉಸಿರು ಬೇಗ ಬೇಗ ಆಡುವುದೇ ಮೊದಲ ಸೂಚನೆ. ತಾತನಲ್ಲಿ ನಾವು ಜ್ವರ ಬರಲಿ ಅಂತ ಕಾದೆವು.

ಎಷ್ಟು ಮಾಡಿದರೂ ಏಳದವರು ಇರುತ್ತಾರೆ. ಮೊದಲೇ ಹಾಸಿಗೆ ಹಿಡಿದಿದ್ದವರು, ಮರೆವಿನ ಕಾಯಿಲೆ ಕೊನೆಯ ಹಂತದಲ್ಲಿರುವವರು, ಹೃದಯ ಪೂರ್ತಿ ಸೋತವರು. ಅಂಥವರಿಗೆ ಆಪರೇಷನ್ ಮಾಡದೆ ನೋವು ಮಾತ್ರ ಇಳಿಸಿ ನೋಡಿಕೊಳ್ಳುವುದೂ ಒಂದು ಸರಿಯಾದ ದಾರಿ. ನೆದರ್ಲ್ಯಾಂಡ್ಸ್‌ನಲ್ಲಿ ವೃದ್ಧಾಲಯಗಳ ತೀರಾ ದುರ್ಬಲರ ಮೇಲೆ ನಡೆದು 2022ರಲ್ಲಿ ಬಂದ ಅಧ್ಯಯನದಲ್ಲಿ, ಹಾಗೆ ಆರಿಸಿಕೊಂಡವರಲ್ಲಿ ಬಹಳ ಜನ ಒಂದು ತಿಂಗಳೊಳಗೆ ತೀರಿಕೊಂಡರು, ಆದರೆ ಉಳಿದ ದಿನಗಳ ನೆಮ್ಮದಿ ಆಪರೇಷನ್ ಮಾಡಿಸಿಕೊಂಡವರಿಗಿಂತ ಕಡಿಮೆ ಇರಲಿಲ್ಲ. ಡಾಕ್ಟರ ಜೊತೆ ಕೂತು, ಅವರಿಗೆ ಏನು ಬೇಕಿತ್ತು ಅಂತ ನೆನೆದು ನಿರ್ಧರಿಸಿ. ಆ ನಿರ್ಧಾರ ತೆಗೆದುಕೊಂಡ ಮನೆಯವರನ್ನು ಯಾರೂ ದೂರಬಾರದು.

ಕೊನೆಯದಾಗಿ ಹೆಚ್ಚಿನವರು ಮರೆಯುವ ವಿಷಯ, ಮೂಳೆ ಗಟ್ಟಿ ಮಾಡುವ ಔಷಧಿ. ನಿಂತ ಎತ್ತರದಿಂದ ಬಿದ್ದು ಸೊಂಟ ಮುರಿದಿದೆ ಅಂದರೆ ಮೂಳೆ ಟೊಳ್ಳಾಗಿದೆ ಅಂತಲೇ ಅರ್ಥ, ಇನ್ನೊಂದು ಕಡೆಯದೂ ಮುರಿಯಬಹುದು. ವಿಟಮಿನ್ ಡಿ, ಕ್ಯಾಲ್ಸಿಯಂ ಎಲ್ಲರೂ ಬರೆಯುತ್ತಾರೆ, ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಝೋಲೆಡ್ರೋನಿಕ್ ಆಸಿಡ್ 5 ಮಿಲಿಗ್ರಾಂ ಇಂಜೆಕ್ಷನ್ ಬಗ್ಗೆ ಕೇಳಿ. ಸೊಂಟದ ಆಪರೇಷನ್ ಆದ 2,127 ಜನರ ಮೇಲೆ ನಡೆದು 2007ರಲ್ಲಿ ಬಂದ ಅಧ್ಯಯನದಲ್ಲಿ, ಇದು ಸಿಗದವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಹೊಸ ಮುರಿತ ಆಯಿತು, ಸಿಕ್ಕವರಲ್ಲಿ ಸುಮಾರು 9 ಜನರಿಗೆ. ಸಾವು ಸಿಗದವರಲ್ಲಿ ನೂರಕ್ಕೆ 13, ಸಿಕ್ಕವರಲ್ಲಿ ಹತ್ತರೊಳಗೆ. ಸಾಮಾನ್ಯವಾಗಿ ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ ಕೊಡುತ್ತಾರೆ. ಮುಂಚೆ ಕಿಡ್ನಿ ಪರೀಕ್ಷೆ ಆಗಬೇಕು, ವಿಟಮಿನ್ ಡಿ, ಕ್ಯಾಲ್ಸಿಯಂ ಮಟ್ಟ ಸರಿ ಇರಬೇಕು, ಕೀಳಿಸಬೇಕಾದ ಹಲ್ಲಿದ್ದರೆ ಮೊದಲು ಕೀಳಿಸಿಬಿಡಬೇಕು. ಕೊಟ್ಟ ಮೇಲೆ ಎರಡು ದಿನ ಜ್ವರ, ಮೈಕೈ ನೋವು ಬರಬಹುದು, ಅಜ್ಜಿಗೂ ಬಂತು, ಪ್ಯಾರಾಸಿಟಮಾಲ್‌ಗೆ ಹೋಯಿತು. ಮುಂದಿನ ವರ್ಷದ ತಾರೀಖನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆಸಿಕೊಂಡು ಬನ್ನಿ. ಅದೇ ತಿಂಗಳಲ್ಲಿ ಕಣ್ಣನ್ನೂ ತೋರಿಸಿ. ಅಜ್ಜಿಯ ಎಡಗಣ್ಣಿನ ಪೊರೆ ತೆಗೆಸಿದ್ದೆವು, ಬಲಗಣ್ಣಿನದು "ಇಷ್ಟು ವಯಸ್ಸಿಗೆ ಯಾಕೆ" ಅಂತ ಹಾಗೇ ಬಿಟ್ಟಿದ್ದೆವು, ಅವತ್ತು ಬಚ್ಚಲಿನ ಒದ್ದೆ ಕಲ್ಲು ಇದ್ದದ್ದು ಅವರ ಬಲಗಡೆಗೆ.